ಆಂತೆರ್ಮಿತಾಂ: ಎರಡು ನಾಟಕಗಳ ನಡುವಿನ ದಿನಗಳಿಗೂ ಲೆಕ್ಕ

ಫ್ರಾನ್ಸಿನ ರಂಗಭೂಮಿ, ಸಿನಿಮಾ, ಸಂಗೀತದ ಸುದ್ದಿ ಓದುವವರಿಗೆ ಒಂದು ಪದ ಪದೇ ಪದೇ ಸಿಗುತ್ತದೆ: ಆಂತೆರ್ಮಿತಾಂ. ಪೂರ್ತಿ ಹೆಸರು ಆಂತೆರ್ಮಿತಾಂ ದ್ಯು ಸ್ಪೆಕ್ಟಾಕ್ಲ್. ಬಿಟ್ಟು ಬಿಟ್ಟು ಕೆಲಸ ಸಿಗುವ ನಟರು, ನರ್ತಕರು, ವಾದ್ಯ ನುಡಿಸುವವರು, ಲೈಟಿನವರು, ಸೌಂಡಿನವರು, ಕ್ಯಾಮೆರಾ ಸಹಾಯಕರು ಎಲ್ಲರನ್ನೂ ಹೀಗೆ ಕರೆಯುತ್ತಾರೆ. ಇವರಿಗಾಗಿಯೇ ಅಲ್ಲಿನ ನಿರುದ್ಯೋಗ ವಿಮೆಯಲ್ಲಿ ಬೇರೆ ನಿಯಮಗಳಿವೆ. ಆ ನಿಯಮಗಳ ಅಡಿ ಬರುವವರು ಆಂತೆರ್ಮಿತಾಂಗಳು.

ಯುರೋಪಿನಲ್ಲಿ ಕಲೆಗೆ ಸರ್ಕಾರದ ಹಣ ಅಂದ ಕೂಡಲೇ ನಮಗೆ ಹೊಳೆಯುವುದು ಅನುದಾನ. ಫ್ರಾನ್ಸಿನಲ್ಲಿ ಅದಕ್ಕೇನೂ ಕೊರತೆಯಿಲ್ಲ. 1959ರಲ್ಲೇ ಅಲ್ಲಿ ಸಂಸ್ಕೃತಿಗೆ ಪ್ರತ್ಯೇಕ ಸಚಿವಾಲಯ ಬಂತು, ಲೇಖಕ ಆಂದ್ರೆ ಮಾಲ್ರೋ ಅದರ ಮೊದಲ ಸಚಿವರಾದರು. ಆದರೆ ಅನುದಾನ ಹೋಗುವುದು ತಂಡಕ್ಕೆ, ಇಲ್ಲವೇ ಒಂದು ನಾಟಕಕ್ಕೆ. ಆ ನಾಟಕ ಮುಗಿದು ಮುಂದಿನದು ಶುರುವಾಗುವವರೆಗೆ ನಟಿ ಮನೆ ಬಾಡಿಗೆ ಹೇಗೆ ಕಟ್ಟಬೇಕು? ಲೈಟಿನವರು ಮಕ್ಕಳ ಫೀಸ್ ಎಲ್ಲಿಂದ ತರಬೇಕು? ಆಂತೆರ್ಮಿತಾಂ ವ್ಯವಸ್ಥೆ ಉತ್ತರ ಕೊಡುವುದು ಈ ಪ್ರಶ್ನೆಗೆ. ನನ್ನ ಪ್ರಕಾರ ಫ್ರಾನ್ಸಿನ ಸಂಸ್ಕೃತಿ ನೀತಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಆದರೂ ಈ ಹಣ ಸಂಸ್ಕೃತಿ ಸಚಿವಾಲಯದ ಬಜೆಟ್ಟಿನಲ್ಲಿ ಇರುವುದಿಲ್ಲ. ಇದು ಬರುವುದು ಆಂತೆರ್ಮಿತಾಂಗಳೂ ಅವರ ಮಾಲೀಕರೂ ವಂತಿಗೆ ಕಟ್ಟುವ ನಿರುದ್ಯೋಗ ವಿಮೆಯಿಂದ.

ಇದರ ಬೇರು 1936ರಲ್ಲಿದೆ. ಸಿನಿಮಾ ನಿರ್ಮಾಪಕರಿಗೆ ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು, ದರ್ಜಿಗಳು ಬೇಕಿತ್ತು, ಅದೂ ಒಂದೆರಡು ತಿಂಗಳ ಮಟ್ಟಿಗೆ. ಕಾಯಂ ಕೆಲಸ ಬಿಟ್ಟು ಒಂದು ಸಿನಿಮಾಕ್ಕಾಗಿ ಯಾರು ಬರುತ್ತಾರೆ? ಹಾಗಾಗಿ ಹಲವು ಮಾಲೀಕರ ಹತ್ತಿರ ಬಿಟ್ಟು ಬಿಟ್ಟು ದುಡಿಯುವವರು ಎಂಬ ವರ್ಗವನ್ನೇ ಮಾಡಿದರು. 1958ರ ಕೊನೆಗೆ ಇಡೀ ದೇಶಕ್ಕೆ ನಿರುದ್ಯೋಗ ವಿಮೆ ಬಂತು. 1960ರ ದಶಕದಲ್ಲಿ ಅದರ ನಿಯಮಗಳಿಗೆ ಈ ಕ್ಷೇತ್ರಕ್ಕಾಗಿ ಎರಡು ಅನುಬಂಧ ಸೇರಿದವು. ಈಗಿನ ನಿಯಮದಲ್ಲಿ ಎಂಟನೆಯ ಅನುಬಂಧ ತಂತ್ರಜ್ಞರಿಗೆ, ಹತ್ತನೆಯದು ಕಲಾವಿದರಿಗೆ. ಅಲ್ಲಿನವರು ಮಾತಿನಲ್ಲಿ 'ಎಂಟು', 'ಹತ್ತು' ಅಂತಲೇ ಹೇಳುತ್ತಾರೆ. 1969ರ ಕಾನೂನು ಇನ್ನೊಂದು ಗಟ್ಟಿ ನೆಲ ಹಾಕಿತು: ವೇದಿಕೆ ಮೇಲಿನ ಕಲಾವಿದರನ್ನು ಹಣ ಕೊಟ್ಟು ಕರೆದರೆ ಅವರನ್ನು ನೌಕರರೆಂದೇ ಭಾವಿಸಬೇಕು. ಒಂದೇ ಸಂಜೆಯ ಸಂಗೀತ ಕಚೇರಿಯಾದರೂ ಸರಿ, ಕರೆದವರು ಸಂಬಳದ ಚೀಟಿ ಕೊಡಬೇಕು, ವಂತಿಗೆ ಕಟ್ಟಬೇಕು. ಸಣ್ಣ ಕೆಫೆಯವರಿಗೂ ಹಳ್ಳಿಯ ಸಂಘದವರಿಗೂ ಈ ಕಾಗದಪತ್ರ ಹೊರೆಯಾಗಬಾರದು ಅಂತ 'ಗ್ಯುಸೋ' ಎಂಬ ಒಂದೇ ಕಿಟಕಿಯ ಸೇವೆ ಇದೆ. ಅಲ್ಲಿ ಒಂದು ಸಲ ತುಂಬಿದರೆ ಎಲ್ಲ ವಂತಿಗೆಯೂ ಸಂದಾಯವಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಈ ಲೋಕದಲ್ಲಿ ಎಲ್ಲರ ಬಾಯಲ್ಲೂ ಇರುವ ಸಂಖ್ಯೆ 507. ಹನ್ನೆರಡು ತಿಂಗಳಲ್ಲಿ 507 ಗಂಟೆ ಸಂಬಳದ ಕೆಲಸ ತೋರಿಸಿದರೆ ಮುಂದಿನ ಒಂದು ವರ್ಷ ಕೆಲಸವಿಲ್ಲದ ದಿನಗಳಿಗೆ ಭತ್ಯೆ ಸಿಗುತ್ತದೆ. ಕಲಾವಿದರ ಸಂಬಳ ಹೆಚ್ಚಾಗಿ ಗಂಟೆಗಲ್ಲ, ಪ್ರದರ್ಶನಕ್ಕಿಷ್ಟು ಅಂತ. ಅದಕ್ಕೆ 'ಕಾಶೆ' ಅನ್ನುತ್ತಾರೆ. ಒಂದು ಕಾಶೆಗೆ 12 ಗಂಟೆ ಲೆಕ್ಕ. ಅಂದರೆ ವರ್ಷಕ್ಕೆ 43 ಕಾಶೆ ಆದರೆ ದಡ ಸೇರಿದಂತೆ.

ಒಬ್ಬ ನರ್ತಕಿ ಅಂತ ಇಟ್ಟುಕೊಳ್ಳಿ. ವರ್ಷದಲ್ಲಿ 30 ಪ್ರದರ್ಶನ ಕೊಟ್ಟಳು. 360 ಗಂಟೆ ಆಯಿತು. ಮಾನ್ಯತೆ ಇರುವ ಶಾಲೆಯಲ್ಲಿ ನೃತ್ಯ ಕಲಿಸಿದಳು. ಕಲಿಸಿದ್ದರಲ್ಲಿ 70 ಗಂಟೆವರೆಗೆ ಲೆಕ್ಕಕ್ಕೆ ಹಿಡಿಯುತ್ತಾರೆ, ವಯಸ್ಸು 50 ತುಂಬಿದವರಿಗೆ 120. ಈಕೆಗೆ 70 ಸೇರಿ ಒಟ್ಟು 430 ಆಯಿತು. ಇನ್ನೂ 77 ಗಂಟೆ ಬೇಕು. ತಂಡದವರು ತಾಲೀಮಿಗೂ ಸಂಬಳ ಕೊಟ್ಟು ಏಳು ಕಾಶೆ ಬರೆದರೆ 84 ಗಂಟೆ ಸೇರಿ 514 ಆಗುತ್ತದೆ, ಆಕೆ ಪಾಸು. ತಾಲೀಮನ್ನು ಪುಕ್ಕಟೆ ಮಾಡಿಸಿದರೋ, ಇಷ್ಟೆಲ್ಲ ಕುಣಿದೂ ಆಕೆ ಹೊರಗೇ. ತಾಲೀಮಿಗೆ ಸಂಬಳ ಕೇಳುವ ಧೈರ್ಯ ಈ ವ್ಯವಸ್ಥೆಯಿಂದ ಬಂತು ಅನ್ನುವುದನ್ನು ಇಲ್ಲಿ ಗಮನಿಸಬೇಕು. ಹೆರಿಗೆ ರಜೆಯ ದಿನಗಳಿಗೂ ದಿನಕ್ಕೆ ಐದು ಗಂಟೆಯಂತೆ ಸೇರಿಸುತ್ತಾರೆ. ಇಂಥ ಸಣ್ಣ ಸಾಲೊಂದು ಎಷ್ಟು ಹೆಣ್ಣುಮಕ್ಕಳನ್ನು ವೇದಿಕೆಯ ಮೇಲೆ ಉಳಿಸಿರಬಹುದು!

ಅರ್ಹತೆ ಸಿಕ್ಕಿತು ಅಂತ ಸುಮ್ನೆ ಕೂರುವ ಹಾಗಿಲ್ಲ. ಪ್ರತಿ ತಿಂಗಳೂ ಎಷ್ಟು ದುಡಿದೆ ಅಂತ ಬರೆದು ಕೊಡಬೇಕು. ಕೆಲಸ ಸಿಕ್ಕ ತಿಂಗಳಲ್ಲಿ ಅದಕ್ಕೆ ತಕ್ಕಂತೆ ಭತ್ಯೆಯ ದಿನಗಳು ಕಡಿಮೆಯಾಗುತ್ತವೆ. ವರ್ಷ ತುಂಬುವ ದಿನಾಂಕ ಹತ್ತಿರ ಬಂದ ಹಾಗೆ ಎಲ್ಲರೂ ಗಂಟೆ ಎಣಿಸತೊಡಗುತ್ತಾರೆ. 490ಕ್ಕೆ ನಿಂತವರ ಸಂಕಟ ಹೇಳತೀರದು.

ಇದರ ಮೇಲಿನ ದೂರೂ ಹಳೆಯದೇ. ಕಟ್ಟಿದ ವಂತಿಗೆಗಿಂತ ಕೊಡುವ ಭತ್ಯೆ ತುಂಬಾ ಜಾಸ್ತಿ ಅಂತ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಹಲವು ಸಲ ಹೇಳಿದೆ. 2012ರ ವರದಿಯಲ್ಲಿ ಅದು ವರ್ಷಕ್ಕೆ ಸುಮಾರು 100 ಕೋಟಿ ಯೂರೋ ಕೊರತೆ ತೋರಿಸಿತು. ವಿಮೆಯನ್ನು ನಡೆಸುವ ಉನೆದಿಕ್ ಸಂಸ್ಥೆ ಬೇರೆ ಲೆಕ್ಕ ಕೊಟ್ಟಿತು. ಇದೇ ಜನರನ್ನು ಸಾಮಾನ್ಯ ನಿಯಮಕ್ಕೆ ಸೇರಿಸಿದರೂ ಭತ್ಯೆ ಕೊಡಲೇಬೇಕಲ್ವಾ? ಹಾಗೆ ನೋಡಿದರೆ ಉಳಿಯುವ ಹೆಚ್ಚುವರಿ ಖರ್ಚು 32 ಕೋಟಿ ಯೂರೋ ಅಂತ. ನನಗೆ ಈ ಎರಡನೇ ಲೆಕ್ಕವೇ ಸರಿ ಅನ್ನಿಸುತ್ತದೆ. ಇನ್ನೊಂದು ದೂರು ಮಾತ್ರ ನಿಜಕ್ಕೂ ಗಂಭೀರ. ಕೆಲವು ಕಂಪನಿಗಳು, ಟಿವಿ ಕ್ಷೇತ್ರದಲ್ಲಂತೂ ಹೆಚ್ಚಾಗಿ, ಒಬ್ಬರನ್ನೇ ವರ್ಷಗಟ್ಟಲೆ ತುಂಡು ತುಂಡು ಕರಾರಿನಲ್ಲಿ ದುಡಿಸಿಕೊಳ್ಳುತ್ತವೆ. ಕಾಯಂ ಮಾಡುವುದಿಲ್ಲ, ನಡುವಿನ ದಿನಗಳ ಖರ್ಚನ್ನು ವಿಮೆಯ ತಲೆಗೆ ಕಟ್ಟುತ್ತವೆ. ಹೀಗೆ ಸಿಕ್ಕಿಬಿದ್ದವರಿಗೆ, ಕಾಯಂ ಅನ್ನುವ ಪದವನ್ನೂ ಆಂತೆರ್ಮಿತಾಂ ಪದವನ್ನೂ ಬೆಸೆದು, 'ಪರ್ಮಿತಾಂ' ಅಂತಲೇ ಹೆಸರು ಬಿದ್ದಿದೆ.

2003ರ ಜೂನ್‌ನಲ್ಲಿ ನಿಯಮ ಬಿಗಿ ಮಾಡಿದರು. ಅದೇ 507 ಗಂಟೆಯನ್ನು ಕಲಾವಿದರು ಹತ್ತೂವರೆ ತಿಂಗಳಲ್ಲಿ, ತಂತ್ರಜ್ಞರು ಹತ್ತೇ ತಿಂಗಳಲ್ಲಿ ತೋರಿಸಬೇಕಾಯಿತು. ಬೇಸಿಗೆಯ ಉತ್ಸವಗಳ ಹೊತ್ತು ಅದು. ಮುಷ್ಕರ ಹಬ್ಬಿತು. 1947ರಲ್ಲಿ ರಂಗ ನಿರ್ದೇಶಕ ಜ್ಯಾಂ ವಿಲಾರ್ ಶುರುಮಾಡಿದ್ದ ಆವಿನ್ಯೋಂ ನಾಟಕೋತ್ಸವ ಆ ವರ್ಷ ರದ್ದಾಯಿತು. ಎಕ್ಸ್-ಆಂ-ಪ್ರೊವಾಂಸ್‌ನ ಒಪೆರಾ ಉತ್ಸವವೂ ನಿಂತಿತು. ಹೋಟೆಲು, ಅಂಗಡಿ, ಟ್ಯಾಕ್ಸಿಯವರಿಗೆಲ್ಲ ಪೆಟ್ಟು ಬಿತ್ತು. ನಾಟಕ ನಿಂತರೆ ಊರಿನ ವ್ಯಾಪಾರ ಎಷ್ಟು ಬೀಳುತ್ತದೆ ಅನ್ನುವುದು ಆಗ ಎಲ್ಲರಿಗೂ ಕಂಡಿತು. 2014ರಲ್ಲಿ ಮತ್ತೆ ಮುಷ್ಕರಗಳಾದವು. ಕೊನೆಗೆ 2016ರಲ್ಲಿ ಈ ಕ್ಷೇತ್ರದ ಸಂಘಗಳೂ ಮಾಲೀಕರೂ ಕೂತು ಮಾತಾಡಿ ಹನ್ನೆರಡು ತಿಂಗಳ ಗಡುವನ್ನು ವಾಪಸ್ ತಂದರು.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಜರ್ಮನಿಯಲ್ಲಿ 1983ರಿಂದ ಕಲಾವಿದರ ಸಾಮಾಜಿಕ ನಿಧಿ ಇದೆ. ಸ್ವತಂತ್ರವಾಗಿ ದುಡಿಯುವ ಕಲಾವಿದರೂ ಬರಹಗಾರರೂ ಪಿಂಚಣಿ ಮತ್ತು ಆರೋಗ್ಯ ವಿಮೆಯ ಅರ್ಧ ವಂತಿಗೆ ಕಟ್ಟುತ್ತಾರೆ. ಉಳಿದ ಅರ್ಧದಲ್ಲಿ ಸರ್ಕಾರದ್ದೂ ಇದೆ, ಅವರ ಕೆಲಸ ಬಳಸುವ ಪ್ರಕಾಶಕರು, ಗ್ಯಾಲರಿಗಳದ್ದೂ ಇದೆ. ಐರ್ಲೆಂಡ್ 2022ರಲ್ಲಿ 2,000 ಜನರನ್ನು ಚೀಟಿ ಎತ್ತಿ ಆರಿಸಿ ವಾರಕ್ಕೆ 325 ಯೂರೋ ಕೊಡುವ ಪ್ರಯೋಗ ಶುರುಮಾಡಿತು. ಅದರಲ್ಲಿ ಚಿತ್ರಕಾರರಿಗೂ ಲೇಖಕರಿಗೂ ಜಾಗವಿತ್ತು. ಫ್ರಾನ್ಸಿನ ವ್ಯವಸ್ಥೆಯಲ್ಲಿ ಅವರಿಗೆ ಜಾಗವಿಲ್ಲ. ಮನೆಯಲ್ಲಿ ಕೂತು ಕಾದಂಬರಿ ಬರೆಯುವವರಿಗೆ ಮಾಲೀಕರೂ ಇಲ್ಲ, ಗಂಟೆಯ ಲೆಕ್ಕವೂ ಇಲ್ಲ. ಇದು ಅದರ ದೊಡ್ಡ ಮಿತಿ.

2020ರಲ್ಲಿ ಕೋವಿಡ್ ಬಂದಾಗ ಥಿಯೇಟರುಗಳಿಗೆ ಬೀಗ ಬಿತ್ತು. 507 ಗಂಟೆ ಯಾರಿಗೂ ಸಾಧ್ಯವಿರಲಿಲ್ಲ. ಅಧ್ಯಕ್ಷ ಮ್ಯಾಕ್ರೋನ್ ಮೇ ತಿಂಗಳಲ್ಲಿ 'ಬಿಳಿ ವರ್ಷ' ಘೋಷಿಸಿದರು. 2021ರ ಆಗಸ್ಟ್ ಕೊನೆಯವರೆಗೆ ಯಾರ ಹಕ್ಕೂ ಹೋಗುವುದಿಲ್ಲ ಅಂತ ಅದರ ಅರ್ಥ. ಆ ಗಡುವು ಹತ್ತಿರವಾಗುತ್ತಿದ್ದಂತೆ, 2021ರ ಮಾರ್ಚ್‌ನಲ್ಲಿ, ಕಲಾವಿದರು ಪ್ಯಾರಿಸ್ಸಿನ ಒದೆಓಂ ಥಿಯೇಟರ್ ಹಿಡಿದು ಕೂತರು. ಕೆಲವೇ ವಾರಗಳಲ್ಲಿ ದೇಶದ ಹತ್ತಾರು ಥಿಯೇಟರುಗಳಲ್ಲಿ ಹೀಗೇ ಆಯಿತು. ಬಿಳಿ ವರ್ಷ ಮುಂದುವರಿಸಿ ಅನ್ನುವುದರ ಜೊತೆಗೆ ಇನ್ನೊಂದು ಬೇಡಿಕೆಯೂ ಇತ್ತು. ಹೋಟೆಲುಗಳಲ್ಲಿ ದಿನದ ಲೆಕ್ಕಕ್ಕೆ ದುಡಿಯುವವರು, ಪ್ರವಾಸಿ ಗೈಡುಗಳು, ಇಂಥ ತುಂಡು ಕೆಲಸದವರಿಗೆಲ್ಲ ರಕ್ಷಣೆ ಕೊಡಿ, ಸಾಮಾನ್ಯ ನಿರುದ್ಯೋಗ ವಿಮೆಯನ್ನು ಬಿಗಿ ಮಾಡುವ ಸುಧಾರಣೆಯನ್ನು ಕೈಬಿಡಿ ಎಂಬುದು ಅದು. ಕಲಾವಿದರ ಗಡುವು ವರ್ಷದ ಕೊನೆಯವರೆಗೆ ಮುಂದಕ್ಕೆ ಹೋಯಿತು. ಉಳಿದವರ ಭತ್ಯೆ ಲೆಕ್ಕ ಹಾಕುವ ಹೊಸ ನಿಯಮ ಅದೇ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು.