ಕರಡಿ ಬಂದರೆ ಸತ್ತವರ ಹಾಗೆ ಮಲಗಬೇಕೇ?

ಪ್ರಶ್ನೆ: ಮಗಳು, ಅಳಿಯ ಕೆನಡಾದ ಕ್ಯಾಲ್ಗರಿಯಲ್ಲಿದ್ದಾರೆ. ಮೇ ತಿಂಗಳಲ್ಲಿ ಹೊರಟು ಐದು ತಿಂಗಳು ಅಲ್ಲೇ ಇರುತ್ತೇವೆ. ಬ್ಯಾನ್ಫ್, ಜಾಸ್ಪರ್ ಕಾಡುಗಳಲ್ಲಿ ನಡೆದಾಡಬೇಕೆಂಬ ಆಸೆ ನನಗೂ ಇದೆ, ನಮ್ಮ ಯಜಮಾನರಿಗೂ ಇದೆ. ಅಲ್ಲಿ ಕರಡಿಗಳು ಓಡಾಡುತ್ತವಂತೆ. ಎದುರಾದರೆ ಏನು ಮಾಡಬೇಕು? ಚಿಕ್ಕಂದಿನಲ್ಲಿ ಕೇಳಿದ ಕಥೆಯ ಹಾಗೆ ಉಸಿರು ಬಿಗಿಹಿಡಿದು ಮಲಗಿದರೆ ಆಯಿತೇ?

ಉತ್ತರ: ಇಬ್ಬರು ಗೆಳೆಯರು ಮತ್ತು ಕರಡಿಯ ಆ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಒಬ್ಬ ಮರ ಹತ್ತುತ್ತಾನೆ, ಇನ್ನೊಬ್ಬ ಹೆಣದಂತೆ ಬಿದ್ದುಕೊಳ್ಳುತ್ತಾನೆ, ಕರಡಿ ಮೂಸಿ ನೋಡಿ ಹೊರಟುಹೋಗುತ್ತದೆ. ನಾನು ಮಗನ ಮನೆಗೆಂದು ಅದೇ ಊರಿಗೆ ಹೋಗಿ ನಾಲ್ಕು ತಿಂಗಳಿದ್ದಾಗ ನನ್ನ ತಲೆಯಲ್ಲಿದ್ದ ಕರಡಿಜ್ಞಾನವೂ ಅಷ್ಟೇ. ಅಲ್ಲಿಗೆ ಹೋದ ಮೇಲೆ ತಿಳಿದದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಮರ ಹತ್ತಿದವನು ತಪ್ಪು ಮಾಡಿದ. ಮಲಗಿದವನು ಮಾಡಿದ್ದು ಒಂದು ಸಂದರ್ಭದಲ್ಲಿ ಮಾತ್ರ ಸರಿ, ಉಳಿದ ಕಡೆ ಪ್ರಾಣಕ್ಕೇ ಕುತ್ತು.

ಆ ಸಂದರ್ಭ ಯಾವುದೆಂದು ತಿಳಿಯಬೇಕಾದರೆ ಮೊದಲು ಕರಡಿಯ ಪರಿಚಯವಾಗಬೇಕು. ಅಲ್ಲಿರುವುದು ಎರಡು ಜಾತಿ: ಕಪ್ಪು ಕರಡಿ ಮತ್ತು ಗ್ರಿಜ್ಲಿ. ಹೆಸರು ಕೇಳಿ ಬಣ್ಣ ನೋಡಿ ಗುರುತಿಸಲು ಹೋದರೆ ಮೋಸಹೋಗುತ್ತೀರಿ, ಏಕೆಂದರೆ ಕಪ್ಪು ಕರಡಿಗಳಲ್ಲಿ ಕಂದು, ಕೆಂಗಂದು ಬಣ್ಣದವೂ ಇವೆ. ಭುಜ ನೋಡಬೇಕು. ಗ್ರಿಜ್ಲಿಗೆ ಭುಜದ ಮೇಲೆ ನಮ್ಮ ಎತ್ತಿನ ಹಿಣಿಲನ್ನು ನೆನಪಿಸುವ ಗಟ್ಟಿ ಉಬ್ಬು ಇರುತ್ತದೆ. ನೆಲ ಅಗೆದು ಅಗೆದು ಬಲಿತ ಸ್ನಾಯು ಅದು. ಮುಖ ನಡುವೆ ತಗ್ಗಿದಂತೆ, ಕಿವಿ ಚಿಕ್ಕವು ಮತ್ತು ಗುಂಡಗೆ, ಮುಂಗಾಲಿನ ಉಗುರು ಬೆರಳುದ್ದ. ಕಪ್ಪು ಕರಡಿಗೆ ಉಬ್ಬಿಲ್ಲ, ಮೂತಿ ನೇರ, ಕಿವಿ ಎದ್ದು ಕಾಣುತ್ತವೆ. ಅದು ಮರ ಹತ್ತುವುದರಲ್ಲಿ ನಿಪುಣ. ಗ್ರಿಜ್ಲಿಯೂ ಹತ್ತಬಲ್ಲದು. ಓಡಿದರೂ ಪ್ರಯೋಜನವಿಲ್ಲ: ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವ ಪ್ರಾಣಿ, ಓಡುವವರನ್ನು ಕಂಡರೆ ಅಟ್ಟಿಸಿಕೊಂಡು ಬರುವ ಸ್ವಭಾವದ್ದು.

ಈಗ ಮಲಗುವ ವಿಷಯ. ಕರಡಿ ಮೇಲೆ ಬೀಳಲು ಎರಡು ಕಾರಣಗಳಿರುತ್ತವೆ. ಒಂದು ಗಾಬರಿ. ಮರಿಗಳಿವೆ, ಅಥವಾ ಕಡಿದ ಬೇಟೆಯ ಹತ್ತಿರ ಇದೆ, ಅಥವಾ ತಿರುವಿನಲ್ಲಿ ನೀವು ದಿಢೀರೆಂದು ಎದುರಾಗಿದ್ದೀರಿ. ಅದಕ್ಕೆ ನಿಮ್ಮನ್ನು ತಿನ್ನುವ ಆಸೆಯಿಲ್ಲ, ನಿಮ್ಮಿಂದ ಅಪಾಯವಿಲ್ಲವೆಂದು ಖಾತ್ರಿಯಾದರೆ ಸಾಕು. ಹೀಗೆ ಗಾಬರಿಬಿದ್ದ ಗ್ರಿಜ್ಲಿ ಮೈಮುಟ್ಟಿದ ಮೇಲೆ ಮಾತ್ರ ಮಲಗುವ ಉಪಾಯ. ಅದೂ ಅಂಗಾತ ಅಲ್ಲ, ಬೋರಲಾಗಿ. ಬೆನ್ನಿನ ಚೀಲ ಹಾಗೇ ಇರಲಿ, ಎರಡೂ ಕೈಬೆರಳು ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಬೇಕು, ಮಗುಚಿಹಾಕಲಾಗದಂತೆ ಕಾಲು ಅಗಲಿಸಬೇಕು, ಅದು ದೂರ ಹೋಗುವವರೆಗೂ ಅಲುಗಬಾರದು. ಎರಡನೆಯ ಕಾರಣ ಹಸಿವು. ಕರಡಿ ಕೂಗಾಡದೆ, ಕಿವಿ ನಿಮಿರಿಸಿ, ನಿಮ್ಮ ಮೇಲೇ ಕಣ್ಣಿಟ್ಟು ಹಿಂಬಾಲಿಸುತ್ತಿದ್ದರೆ, ಇಲ್ಲವೇ ರಾತ್ರಿ ಗುಡಾರಕ್ಕೆ ನುಗ್ಗಿದರೆ, ಅಲ್ಲಿ ಮಲಗುವುದೆಂದರೆ ಊಟ ಬಡಿಸಿದಂತೆ. ಕಲ್ಲು, ಕೋಲು, ಮುಷ್ಟಿ, ಸಿಕ್ಕಿದ್ದರಿಂದ ಮುಖಕ್ಕೆ, ಮೂಗಿಗೆ ಹೊಡೆದು ಹೋರಾಡಬೇಕು. ಕಪ್ಪು ಕರಡಿ ಮೈಮೇಲೆ ಬಿದ್ದಾಗಲೂ ಸಾಮಾನ್ಯವಾಗಿ ಇದೇ ದಾರಿ. ಗಾಬರಿಯ ದಾಳಿಯೆಂದುಕೊಂಡು ಮಲಗಿದಿರಿ, ಎರಡು ನಿಮಿಷ ಕಳೆದರೂ ಬಿಡಲಿಲ್ಲವೆಂದರೆ ಅದು ಗಾಬರಿಯಲ್ಲ, ಎದ್ದು ಹೋರಾಡಬೇಕು.

ಇಷ್ಟು ಓದಿ ಟಿಕೆಟ್ ರದ್ದು ಮಾಡಬೇಡಿ! ಬ್ಯಾನ್ಫ್ ಉದ್ಯಾನದ ವಿಸ್ತಾರ 6,641 ಚದರ ಕಿ.ಮೀ.; ಅಷ್ಟು ಜಾಗದಲ್ಲಿ ಗ್ರಿಜ್ಲಿಗಳಿರುವುದು ಸುಮಾರು 65. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬಂದು ಹೋಗುತ್ತಾರೆ, ಮೈಮುಟ್ಟುವ ದಾಳಿ ತೀರಾ ಅಪರೂಪ. ನಮ್ಮ ದರೋಜಿ ಕಡೆಯ ಕರಡಿ ಕಂಡವರಿಗೆ ಇದು ಆಶ್ಚರ್ಯವೆನಿಸಬಹುದು. ನಮ್ಮದು ಗಾತ್ರದಲ್ಲಿ ಗ್ರಿಜ್ಲಿಗಿಂತ ಚಿಕ್ಕದು, ಆದರೆ ಹೊಲದಂಚಿನಲ್ಲಿ ಎದುರಾದರೆ ಮುಂಚೆ ಎರಗಿ ಆಮೇಲೆ ಯೋಚಿಸುವ ಪ್ರಾಣಿ. ಅಲ್ಲಿಯವು ಬಹುತೇಕ ಮನುಷ್ಯರ ಸದ್ದು ಕೇಳಿದರೇ ದಾರಿ ಬಿಟ್ಟು ಸರಿಯುತ್ತವೆ.

ಸದ್ದು ಅಂದೆನಲ್ಲ, ಇಡೀ ವಿಷಯದ ಜೀವಾಳ ಅದು. ಮಾತಾಡುತ್ತಾ ನಡೆಯಿರಿ. ಹೊಳೆಯ ಪಕ್ಕ, ಪೊದೆ ದಟ್ಟವಾಗಿರುವಲ್ಲಿ, ತಿರುವುಗಳಲ್ಲಿ ಜೋರಾಗಿ ಕೂಗಿ, ಚಪ್ಪಾಳೆ ತಟ್ಟಿ. ಅಂಗಡಿಗಳಲ್ಲಿ ಚೀಲಕ್ಕೆ ಕಟ್ಟುವ ಗೆಜ್ಜೆ ಮಾರುತ್ತಾರೆ. ಅದರ ಸಣ್ಣ ದನಿ ನೀರಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ, ದುಡ್ಡು ಹಾಕಬೇಡಿ. ನಾವು ನಾಲ್ಕು ಜನ ಲಾರ್ಚ್ ಕಣಿವೆ ಹತ್ತುವಾಗ ನನ್ನ ಹೆಂಡತಿ ಭಜನೆ ಹೇಳಿಕೊಡುತ್ತಿದ್ದಳು, ನಾವು ಹಿಂದಿನಿಂದ ಹೇಳುತ್ತಿದ್ದೆವು. ನಾಲ್ಕು ಜನ ಎಂದದ್ದಕ್ಕೂ ಕಾರಣವಿದೆ. ಮೊರೇನ್ ಸರೋವರದ ಸುತ್ತಿನ ಕೆಲವು ದಾರಿಗಳಲ್ಲಿ ಬೇಸಿಗೆಯ ನಡುವಿನಿಂದ ಕನಿಷ್ಠ ನಾಲ್ವರು ಒತ್ತಾಗಿಯೇ ನಡೆಯಬೇಕೆಂಬ ಕಾನೂನು ಜಾರಿಗೆ ಬರುತ್ತದೆ. ಆ ಹೊತ್ತಿಗೆ ಬಫಲೋ ಬೆರಿ ಎಂಬ ಕೆಂಪು ಹಣ್ಣು ಮಾಗಿರುತ್ತದೆ. ಒಂದು ಕರಡಿ ದಿನಕ್ಕೆ ಲಕ್ಷಕ್ಕೂ ಮೀರಿ ಈ ಹಣ್ಣು ತಿನ್ನುತ್ತದೆ. ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಡುವ ಆತುರದಲ್ಲಿ ತಲೆ ಪೊದೆಯೊಳಗೇ ಇರುವುದರಿಂದ ನೀವು ಬಂದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ದೂರದಲ್ಲಿ ಕಂಡರೆ ನಿಂತುಬಿಡಿ, ಮೆಲುದನಿಯಲ್ಲಿ ಮಾತಾಡುತ್ತಾ ಹಿಂದೆ ಹಿಂದೆ ಸರಿಯಿರಿ. ಅದು ಎರಡು ಕಾಲಲ್ಲಿ ಎದ್ದು ನಿಂತರೆ ಹೆದರಬೇಡಿ, ಯಾರಿದು ಎಂದು ನೋಡಿ, ಮೂಸಿ ತಿಳಿಯುವ ಬಗೆ ಅದು. ಉದ್ಯಾನದವರು ಕೇಳುವ ಅಂತರ ಕರಡಿಯಿಂದ 100 ಮೀಟರ್.

ಬೇರ್ ಸ್ಪ್ರೇ ಇಲ್ಲದೆ ದಾರಿಗಿಳಿಯಬೇಡಿ. ಅದರಲ್ಲಿರುವುದು ನಮ್ಮ ಮೆಣಸಿನಕಾಯಿಯ ಖಾರದ ಸತ್ವವೇ. ಕರಡಿ ಹತ್ತು ಮೀಟರಿಗಿಂತ ಹತ್ತಿರ ನುಗ್ಗಿ ಬಂದಾಗ ಅದರ ಮುಖದ ಮುಂದೆ ಖಾರದ ಮೋಡ ಎಬ್ಬಿಸುವುದು ಉದ್ದೇಶ. ಸೊಳ್ಳೆ ಮುಲಾಮಿನಂತೆ ಬಟ್ಟೆಗೆ, ಗುಡಾರಕ್ಕೆ ಬಳಿಯುವ ವಸ್ತುವಲ್ಲ. ಚೀಲದೊಳಗಿಟ್ಟರೆ ಉಪಯೋಗವಿಲ್ಲ, ಸೊಂಟದಲ್ಲಿರಬೇಕು. ಸುರಕ್ಷತೆಯ ಕೊಂಡಿ ತೆಗೆಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ವಿಮಾನದಲ್ಲಿ ಯಾವ ಚೀಲದಲ್ಲೂ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು ಅಥವಾ ಬ್ಯಾನ್ಫ್ ಊರಿನಲ್ಲಿ ಬಾಡಿಗೆಗೆ ಪಡೆಯಬೇಕು.

ಬುತ್ತಿಯ ವಿಷಯದಲ್ಲಿ ಒಂದು ಬೇಡಿಕೆ. ನಾವು ಚಪಾತಿ, ಉಪ್ಪಿನಕಾಯಿ, ಪುಳಿಯೋಗರೆ ಇಲ್ಲದೆ ಹೊರಡುವವರಲ್ಲ, ಹೊರಡಬೇಕಾಗಿಯೂ ಇಲ್ಲ. ಆದರೆ ಉಳಿದ ತುತ್ತು, ಪಾತ್ರೆ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ, ಯಾವುದೂ ನೆಲಕ್ಕೆ ಬೀಳಬಾರದು. ತಂಗುದಾಣದಲ್ಲಾದರೆ ಸೋಪು, ಪೇಸ್ಟು ಸೇರಿ ವಾಸನೆ ಇರುವುದೆಲ್ಲ ಕಾರಿನೊಳಗೆ ಅಥವಾ ಅಲ್ಲಿನ ಕಬ್ಬಿಣದ ಪೆಟ್ಟಿಗೆಗೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. ನಮ್ಮ ಒಂದು ಉಂಡೆ ಅನ್ನಕ್ಕೆ ಅಂಥ ಪ್ರಾಣಿ ಸಾಯುವುದು ಎಷ್ಟು ಅನ್ಯಾಯ!

ಕರಡಿಗಿಂತ ನಿಮಗೆ ಹೆಚ್ಚು ಸಿಗುವುದು ಎಲ್ಕ್. ನಮ್ಮ ಕಡವೆಯ ಹತ್ತಿರದ ಸಂಬಂಧಿ, ಊರೊಳಗಿನ ಹುಲ್ಲಿನ ಮೇಲೇ ಮೇಯುತ್ತಿರುತ್ತದೆ. ಸಾಧುವೆಂದು ಫೋಟೊಗೆ ಹತ್ತಿರ ಹೋಗಬೇಡಿ. ಮೇ, ಜೂನ್‌ನಲ್ಲಿ ಮರಿ ಹಾಕಿದ ತಾಯಿ, ಸೆಪ್ಟೆಂಬರಿನಲ್ಲಿ ಮದವೇರಿದ ಗಂಡು ಒದೆಯುತ್ತವೆ, ಹಾಯುತ್ತವೆ. 30 ಮೀಟರ್ ದೂರವಿರಲಿ.

ಹೆದ್ದಾರಿಯಲ್ಲಿ ಹೋಗುವಾಗ ರಸ್ತೆಗೆ ಅಡ್ಡವಾಗಿ ಮರಗಿಡ ಬೆಳೆದ ಸೇತುವೆಗಳು ಕಾಣುತ್ತವೆ. ಅವು ಪ್ರಾಣಿಗಳಿಗಾಗಿಯೇ ಕಟ್ಟಿದವು. ಬ್ಯಾನ್ಫ್‌ನಲ್ಲಿ ಇಂಥ ಮೇಲುಸೇತುವೆ 6, ಕೆಳದಾರಿ 38. ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರ ನಿಲ್ಲಿಸಿ ನಾವು ಕಂಡುಕೊಂಡ ಪರಿಹಾರಕ್ಕೆ ಅವರದು ಬೇರೆ ಜವಾಬು. ಎರಡನ್ನೂ ಕಂಡ ನನಗೆ ರಾತ್ರಿಯ ನಿಶ್ಶಬ್ದವೇ ಹೆಚ್ಚು ಒಪ್ಪಿಗೆ.

ಮಂಡಿ ನೋವಿದ್ದರೆ, ಅಥವಾ ಇಷ್ಟೆಲ್ಲ ಕೇಳಿದ ಮೇಲೂ ಅಳುಕು ಹೋಗದಿದ್ದರೆ, ಜೂನ್‌ನಲ್ಲಿ ಲೇಕ್ ಲೂಯಿಸ್‌ನ ತೂಗುಕುರ್ಚಿ ಹತ್ತಿ. ಹಿಮ ಕರಗಿದ ಇಳಿಜಾರಿನಲ್ಲಿ ಹಳದಿ ಹೂ ತುಂಬಿರುತ್ತದೆ, ಅದನ್ನು ಮೇಯಲು ಗ್ರಿಜ್ಲಿ ಬರುತ್ತದೆ. ನಮ್ಮ ಕಾಲ ಕೆಳಗೆ ಒಂದು ತಾಯಿ, ಎರಡು ಮರಿ ದನದ ಹಾಗೆ ಹುಲ್ಲು ಕಿತ್ತು ತಿನ್ನುತ್ತಿದ್ದವು. ಮರಿಯೊಂದು ತಲೆ ಎತ್ತಿ ನಮ್ಮತ್ತ ನೋಡಿ ಮತ್ತೆ ಹೂವಿಗೆ ಬಾಯಿ ಹಾಕಿತು.