ನಾನು ಹೋರ್ಡ್, ಗೆಳೆಯ ಅಲೈಯನ್ಸ್: ಒಟ್ಟಿಗೆ ಆಡಬಹುದಾ?

ಓದುಗರ ಪ್ರಶ್ನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಆಟದಲ್ಲಿ ನಾನು ಹೋರ್ಡ್ ಕಡೆ, ನನ್ನ ಗೆಳೆಯ ಎದುರು ಪಕ್ಷವಾದ ಅಲೈಯನ್ಸ್ ಕಡೆ. ಸೇರಿ ಆಡಬಹುದಾ? ಮೊದಲೇ ಯಾಕೆ ಬಿಡಲಿಲ್ಲ?

ಆಡಬಹುದು. 2022ರ ಮೇ 31ಕ್ಕೆ ಬಂದ 9.2.5 ಅಪ್‌ಡೇಟ್ ಈ ದಾರಿ ತೆರೆಯಿತು. ಗೆಳೆಯನನ್ನು ಅವನ ಬ್ಯಾಟಲ್‌ಟ್ಯಾಗ್ (ಆಟಗಾರನ ಖಾತೆಯ ಹೆಸರು) ಹಾಕಿ ಗೆಳೆಯರ ಪಟ್ಟಿಗೆ ಸೇರಿಸಿಕೊಂಡು ಪಾರ್ಟಿಗೆ, ಅಂದರೆ ಆಟದೊಳಗಿನ ತಂಡಕ್ಕೆ, ಕರೆಯಿರಿ, ಅಷ್ಟೇ. ಡಂಜನ್ (ಸಣ್ಣ ತಂಡ ಒಟ್ಟಾಗಿ ಹೋರಾಡುವ ಪ್ರತ್ಯೇಕ ಜಾಗ) ಅಥವಾ ರೇಡ್ (ದೊಡ್ಡ ತಂಡದ್ದು) ಒಳಗೆ ಹೋದ ಮೇಲೆ ಅವನಿಗೆ ಹೀಲ್ ಮಾಡಬಹುದು, ಅಂದರೆ ಗಾಯ ವಾಸಿ ಮಾಡಬಹುದು, ಪಾರ್ಟಿ ಚಾಟ್‌ನಲ್ಲಿ ಮಾತಾಡಬಹುದು. ಒಂದೇ ಗಿಲ್ಡ್‌ನಲ್ಲಿ (ಆಟಗಾರರ ಸಂಘ) ಇರೋದಕ್ಕೆ ಮಾತ್ರ 2023ರ ಮೇ ತನಕ ಕಾಯಬೇಕಾಯಿತು.

ಮೊದಲೇ ಯಾಕೆ ಬಿಡಲಿಲ್ಲ ಅನ್ನೋದೇ ಸ್ವಾರಸ್ಯದ ವಿಷಯ. 2004ರಲ್ಲಿ ಆಟ ಬಂದಾಗ ಎರಡು ಕಡೆಯವರ ಮಧ್ಯೆ ಭಾಷೆಯನ್ನೇ ಗೋಡೆ ಮಾಡಿದ್ದರು. ಹೋರ್ಡ್‌ನವನು ನಗುತ್ತಾ 'ಲೋಲ್' ಅಂತ ಟೈಪ್ ಮಾಡಿದರೆ ಅಲೈಯನ್ಸ್‌ನವನಿಗೆ ಕಾಣುತ್ತಿದ್ದದ್ದು 'ಕೆಕ್'. ಅಲೈಯನ್ಸ್‌ನವನ 'ಲೋಲ್' ಹೋರ್ಡ್‌ನವನಿಗೆ 'ಬುರ್'. ಕೊನೆಗೆ 'ಕೆಕ್' ಅನ್ನೋದೇ ಆಟಗಾರರ ನಗು ಆಗಿಬಿಟ್ಟಿತು.

ಒಮ್ಮೆ ಸ್ಟ್ರಾಂಗಲ್‌ಥಾರ್ನ್ ಕಾಡಿನಲ್ಲಿ ಹುಲಿಯೊಂದು ನನ್ನನ್ನು ಇನ್ನೇನು ಮುಗಿಸುವುದರಲ್ಲಿತ್ತು. ಎದುರು ಪಕ್ಷದವನೊಬ್ಬ ಬಂದ, ನನ್ನನ್ನು ಬಿಟ್ಟು ಹುಲಿಯನ್ನು ಹೊಡೆದ. ನಾನು ಥ್ಯಾಂಕ್ಸ್ ಅಂತ ಟೈಪ್ ಮಾಡಿದೆ. ಅವನಿಗೆ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಂಡಿರುತ್ತದೆ. ಕೈ ಬೀಸುವುದು, ತಲೆ ಬಾಗಿಸುವುದು ಮಾತ್ರ ಎರಡೂ ಕಡೆಗೆ ತಿಳಿಯುತ್ತಿತ್ತು, ಹಾಗಾಗಿ ತಲೆ ಬಾಗಿಸಿದೆ. ಅವನು ಕೈ ಬೀಸಿ ಹೋದ. ಮಾತು ಬರುತ್ತಿದ್ದರೆ ಆ ಕ್ಷಣ ನನ್ನ ನೆನಪಲ್ಲಿ ಇಷ್ಟು ಗಟ್ಟಿಯಾಗಿ ಉಳಿಯುತ್ತಿರಲಿಲ್ಲ. ಗೋಡೆಗೆ ಇನ್ನೊಂದು ಉಪಯೋಗವೂ ಇತ್ತು: ಹೊಡೆದು ಬೀಳಿಸಿದವನು ಬಾಯಿಗೆ ಬಂದಂತೆ ಬೈದರೂ ಬಿದ್ದವನಿಗೆ ಅದು ತಿಳಿಯುತ್ತಿರಲಿಲ್ಲ.

ಆದರೆ ಈ ಗೋಡೆಯಿಂದ ಜಾಸ್ತಿ ನೋವಾಗಿದ್ದು ಗೆಳೆಯರಿಗೇ. 2010ರ ಹೊತ್ತಿಗೆ ರಿಯಲ್ ಐಡಿ (ನಿಜ ಹೆಸರಿನಲ್ಲಿ ಗೆಳೆಯರಾಗುವ ವ್ಯವಸ್ಥೆ) ಬಂದು ಗೆಳೆಯರ ನಡುವೆ ಚಾಟ್ ಸಾಧ್ಯವಾಯಿತು, ಆದರೆ ಹರಟೆ ಹೊಡೆಯಬಹುದಿತ್ತೇ ಹೊರತು ಒಟ್ಟಿಗೆ ಒಂದು ಡಂಜನ್‌ಗೆ ಹೋಗುವ ಹಾಗಿರಲಿಲ್ಲ. ಪಕ್ಷ ಬದಲಿಸಬೇಕೆಂದರೆ ದುಡ್ಡು ಕೊಡಬೇಕು. ಇದರ ಮೇಲೆ, ದೊಡ್ಡ ರೇಡ್ ಆಡುವವರಲ್ಲಿ ಬಹಳಷ್ಟು ಜನ ಹೋರ್ಡ್ ಕಡೆ ಸೇರಿಕೊಳ್ಳುತ್ತಾ ಹೋದರು, ಅಲೈಯನ್ಸ್‌ನಲ್ಲಿ ಉಳಿದವರಿಗೆ ಒಳ್ಳೆಯ ತಂಡ ಕಟ್ಟುವುದೇ ಕಷ್ಟವಾಯಿತು.

ಹಾಗಂತ ಆಟದ ಕಂಪನಿ ಬ್ಲಿಝಾರ್ಡ್ ಗೋಡೆಯನ್ನೇ ಕೆಡವಲಿಲ್ಲ, ಬಾಗಿಲು ಇಟ್ಟಿತು. 2022ರ ಆ ಬದಲಾವಣೆಯಲ್ಲಿ ಸೇರಬೇಕೋ ಬೇಡವೋ ಅನ್ನೋದು ಆಟಗಾರರ ಆಯ್ಕೆಯಾಗಿತ್ತು. ಪಾರ್ಟಿಯಲ್ಲಿದ್ದರೂ ಹೊರಗಿನ ಬಯಲಲ್ಲಿ ಎದುರಾಳಿ ಎದುರಾಳಿಯೇ, ವಾರ್ ಮೋಡ್ (ಆಟಗಾರರು ಪರಸ್ಪರ ಹೊಡೆದಾಡಲು ಬಿಡುವ ಆಯ್ಕೆ) ಆನ್ ಇದ್ದರೆ ಹೊಡೆಯಲೂಬಹುದಿತ್ತು. ಇದೇ ಸರಿ ಅಂತ ನನಗೆ ಬಲವಾಗಿ ಅನಿಸುತ್ತದೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಅನ್ನೋ ಇನ್ನೊಂದು ಆಟ ಕೂಡ 2016ರಲ್ಲಿ ಮೂರೂ ಪಕ್ಷದವರಿಗೆ ಒಟ್ಟಿಗೆ ಆಡಲು ಬಿಟ್ಟು, ಪಕ್ಷಗಳ ಯುದ್ಧವನ್ನು ಯುದ್ಧದ ಬಯಲಿಗಷ್ಟೇ ಇಟ್ಟುಕೊಂಡಿತು. ಯಾವುದೋ ಕಾಡಿನಲ್ಲಿ ಎದುರಾಗುವ ಅಪರಿಚಿತ ಸ್ವಲ್ಪ ಭಯ ಹುಟ್ಟಿಸಬೇಕು ಅಲ್ವಾ? ಗೆಳೆಯನಿಗೆ ಆ ನಿಯಮ ಯಾಕೆ?

ಇನ್ನೊಂದು ವಿಷಯ. ಇಬ್ಬರೂ ಒಂದೇ ರೀಜನ್‌ನಲ್ಲಿ (ಆಟದ ಸರ್ವರ್‌ಗಳ ಪ್ರದೇಶ) ಇರಬೇಕು. ಗೆಳೆಯ ಅಮೆರಿಕ ರೀಜನ್‌ನಲ್ಲಿ, ನೀವು ಯುರೋಪ್ ರೀಜನ್‌ನಲ್ಲಿ ಆಡುತ್ತಿದ್ದರೆ ಪಕ್ಷ ಒಂದೇ ಆದರೂ ಸೇರೋಕೆ ಆಗಲ್ಲ. ಬ್ಯಾಟಲ್‌ಟ್ಯಾಗ್ ಕೇಳುವಾಗ ಹೆಸರಿನ ಕೊನೆಯಲ್ಲಿರುವ ನಂಬರನ್ನೂ ಮರೆಯದೆ ಕೇಳಿ.