ಜಿಪ್ಸಿಗೆ 4 ಇಂಚು ಲಿಫ್ಟ್ ಮಾಡಿಸಲೇ?

ಪ್ರಶ್ನೆ: ನನ್ನದು 1998ರ ಮಾರುತಿ ಜಿಪ್ಸಿ. ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ಯಂತ್ರ), ಕಬ್ಬಿಣದ ಬಂಪರ್, ರೋಲ್ ಕೇಜ್ (ಮಗುಚಿದಾಗ ಕಾಯುವ ಕೊಳವೆ ಚೌಕಟ್ಟು) ಹಾಕಿಸಿ ಆಫ್‌ರೋಡಿಗೆಂದೇ ಕಟ್ಟಿಸಿದ್ದೇನೆ. ತೋಟದ ದಾರಿಯಲ್ಲಿ ಅಡಿ ತಗಲುತ್ತದೆ, ಕುಲುಕಾಟವೂ ವಿಪರೀತ. ಈಗ ಆಕ್ಸಲ್ (ಚಕ್ರಗಳ ಅಚ್ಚು) ಕೆಳಗಿರುವ ಲೀಫ್ ಸ್ಪ್ರಿಂಗನ್ನು (ಉಕ್ಕಿನ ಪಟ್ಟಿಗಳ ಕಟ್ಟು) ಅದರ ಮೇಲೆ ಕೂರಿಸಿ 4–5 ಇಂಚು ಏರಿಸಿಕೊಡುತ್ತೇವೆ ಅನ್ನುತ್ತಿದ್ದಾರೆ. ಮಾಡಿಸಲೇ?

ಉತ್ತರ: ಈಗಲೇ ಬೇಡ. ಮೊದಲು ಗಾಡಿ ಕೆಳಗೆ ಮಲಗಿ, ತಗಲುತ್ತಿರುವುದು ಯಾವುದು ಅಂತ ನೋಡಿ. ಗೀರು ಬಿದ್ದಿರುವುದು ಡಿಫರೆನ್ಷಿಯಲ್ ಉಬ್ಬಿನ (ಆಕ್ಸಲ್ ಮೇಲಿನ ಗೇರುಗಳ ದುಂಡು ಪೆಟ್ಟಿಗೆ) ಮೇಲಾದರೆ ಲಿಫ್ಟ್ ಮಾಡಿಸಿಯೂ ಅದು ಅಲ್ಲೇ ತಗಲುತ್ತದೆ. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್, ಅಂದರೆ ಎಡ ಬಲ ಚಕ್ರಗಳ ನಡುವೆ ಒಂದೇ ಗಟ್ಟಿ ತೊಲೆ. ಸ್ಪ್ರಿಂಗ್ ಏರಿಸಿದರೆ ಚಾಸಿಸ್ಸು, ಬಾಡಿ ಮೇಲೆ ಹೋಗುತ್ತವೆ, ಆಕ್ಸಲ್ ಚಕ್ರದ ಜೊತೆ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರು ಮಾತ್ರ. 205/70 ಆರ್15 ಟೈರಿನ ಎತ್ತರ ಸುಮಾರು 668 ಮಿ.ಮೀ., 215/75 ಆರ್15 ಹಾಕಿದರೆ 703. ಅದರ ವ್ಯತ್ಯಾಸದ ಅರ್ಧ, ಅಂದರೆ 18 ಮಿ.ಮೀ.ಯಷ್ಟೇ ಡಿಫರೆನ್ಷಿಯಲ್ ಏರುತ್ತದೆ. ಕಲ್ಲಿನ ದಾರಿಯಲ್ಲಿ ಆ 18 ಮಿ.ಮೀ. ಚಿಕ್ಕದಲ್ಲ.

ಆಕ್ಸಲ್ ಕೆಳಗೆ ಕೂತ ಸ್ಪ್ರಿಂಗು, ಅದನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಪ್ಲೇಟುಗಳು ಮೇಲೇರುತ್ತವೆ ಅನ್ನುವುದು ನಿಮಗೆ ಹೇಳಿರುವ ಕೆಲಸದ ನಿಜವಾದ ಲಾಭ. ಆದರೆ ಅದಕ್ಕೆ ಕೊಡುವ ಬೆಲೆ ದೊಡ್ಡದು. ಲೆಕ್ಕಕ್ಕೆ, ಎಡ ಬಲ ಚಕ್ರಗಳ ನಡುವಿನ ಅರ್ಧ ಅಗಲ 65 ಸೆಂ.ಮೀ., ಗಾಡಿಯ ಭಾರದ ಕೇಂದ್ರ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. ನಿಂತ ಗಾಡಿ 45 ಡಿಗ್ರಿ ಓರೆಯವರೆಗೆ ತಡೆಯುತ್ತದೆ. ಕೇಂದ್ರ 10 ಸೆಂ.ಮೀ. ಏರಿದರೆ ಅದು 41ಕ್ಕೆ ಇಳಿಯುತ್ತದೆ. ಚಲಿಸುವಾಗ, ಒಂದು ಚಕ್ರ ಗುಂಡಿಗಿಳಿದಾಗ, ಇದಕ್ಕಿಂತ ಬೇಗ ಮಗುಚುತ್ತದೆ. ಜೊತೆಗೆ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಡ್ರ್ಯಾಗ್ ಲಿಂಕ್ ಸರಳಿನ ಕೋನ ಕೆಡುತ್ತವೆ. ಜೋರಾಗಿ ಎಳೆಯುವಾಗ ಸ್ಪ್ರಿಂಗ್ ಹಾವಿನಂತೆ ‘ಎಸ್’ ಆಕಾರಕ್ಕೆ ಬಾಗಿ ಆಕ್ಸಲ್ ತನ್ನ ಜಾಗದಲ್ಲೇ ತಿರುಗುತ್ತದೆ.

ಕುಲುಕಾಟದ ವಿಷಯಕ್ಕೆ ಬರೋಣ, ಅದು ಬೇರೆಯೇ ಕಾಯಿಲೆ. ವಿಂಚ್, ಬಂಪರ್ ಸೇರಿ ಮುಂದೆ 60–70 ಕೆಜಿ ಸುಲಭವಾಗಿ ಕೂರುತ್ತದೆ. ಮೂತಿ ಕುಸಿಯಿತು ಅಂತ ಯಾರೋ ಸ್ಪ್ರಿಂಗಿಗೆ ಒಂದು ದಪ್ಪ ಬ್ಲೇಡ್ (ಪಟ್ಟಿ) ಹಾಕಿರಬಹುದು. ಬ್ಲೇಡಿನ ಗಡಸುತನ ಅದರ ದಪ್ಪದ ಘನದಂತೆ ಬೆಳೆಯುತ್ತದೆ. 6 ಮಿ.ಮೀ. ಬ್ಲೇಡ್ ಬದಲು 7 ಮಿ.ಮೀ. ಹಾಕಿದರೆ ಆ ಬ್ಲೇಡ್ ಸುಮಾರು 1.6 ಪಟ್ಟು ಬಿಗಿ. ನನ್ನ ಗಾಡಿಯ ಸ್ಪ್ರಿಂಗ್ ಬಿಚ್ಚಿಸಿದಾಗ ಬ್ಲೇಡುಗಳ ನಡುವೆ ಕೆಂಪು ತುಕ್ಕು ಹೊಪ್ಪಳಿಕೆ ಕಟ್ಟಿತ್ತು, ಸುತ್ತಿಗೆಯಲ್ಲಿ ಬಡಿದರೂ ಬಿಡಲಿಲ್ಲ. ಐದು ಬ್ಲೇಡ್ ಒಂದೇ ಕಬ್ಬಿಣದ ತುಂಡಾಗಿತ್ತು. ಉಜ್ಜಿ, ಗ್ರೀಸ್ ಹಚ್ಚಿ, ಸ್ಪ್ರಿಂಗ್ ತುದಿಯ ಬುಷ್ ಬದಲಿಸಿದ ಮೇಲೆ ಅದೇ ಹಳೆ ಸ್ಪ್ರಿಂಗ್ ಉಸಿರಾಡತೊಡಗಿತು. ಇಷ್ಟೇ ಮಾಡಿದರೂ ನಿಮಗೆ ವ್ಯತ್ಯಾಸ ಗೊತ್ತಾಗುತ್ತದೆ.

ಹೆಚ್ಚಿದ ಭಾರಕ್ಕೆ ತಕ್ಕ ಹೊಸ ಸೆಟ್ಟು, ಅದಕ್ಕೆ ಹೊಂದುವ ಶಾಕಪ್ಪು, ಬೇಕಿದ್ದರೆ ಒಂದೂವರೆ ಇಂಚು ಎತ್ತರ: ನನ್ನ ಮಾತು ಅಷ್ಟಕ್ಕೇ. ಅಗ್ಗದ ದಾರಿ ಅಂತ ಮುಂದೆ ಉದ್ದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ತೂಗುಕೊಂಡಿ) ಹಾಕಿಸಬೇಡಿ. ಜಿಪ್ಸಿಯಲ್ಲಿ ಮುಂದಿನ ಶ್ಯಾಕಲ್ ಮೂತಿಯ ಕಡೆಗಿದೆ, ಅದು ಉದ್ದವಾದರೆ ಆಕ್ಸಲ್ ಮುಂದಕ್ಕೆ ಓರೆಯಾಗಿ ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಹೆದ್ದಾರಿಯಲ್ಲಿ ಗಾಡಿ ಅಲೆಯುತ್ತದೆ.

ರಸ್ತೆಗಿಳಿಸುವ ಗಾಡಿಯಾದರೆ ಕಾನೂನೂ ನೆನಪಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಗೆ ಅಡ್ಡ ಬರುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಬಿಗಿಯಾಗಿ ಹೇಳಿದೆ. ಕೆಲಸಕ್ಕೆ ಮುಂಚೆ ಆರ್‌ಟಿಒ ಮತ್ತು ವಿಮೆಯವರನ್ನು ಕೇಳಿ.

ಕೆಲಸ ಮುಗಿದ ದಿನ ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ, ಅದೇ ಆಕ್ಸಲ್ಲಿನ ಇನ್ನೊಂದು ಬದಿಯದು ಪೂರ್ತಿ ಇಳಿಯಲಿ. ಆಗ ಬ್ರೇಕಿನ ರಬ್ಬರ್ ಹೋಸ್ ಮುಟ್ಟಿ ನೋಡಿ, ಬಿಗಿಯಾಗಿ ಎಳೆದಿದ್ದರೆ ಉದ್ದದ್ದು ಹಾಕಿಸದೆ ಗ್ಯಾರೇಜ್ ಬಿಡಬೇಡಿ. ಬಂಪ್ ಸ್ಟಾಪಿಗೆ (ಆಕ್ಸಲ್ ಚಾಸಿಸ್ಸಿಗೆ ಬಡಿಯದಂತೆ ತಡೆಯುವ ರಬ್ಬರ್) ಒಂದು ಉಂಡೆ ಜೇಡಿಮಣ್ಣು ಅಂಟಿಸಿ ತೋಟದ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಉಂಡೆ ಮುಟ್ಟಿದ ಗುರುತೇ ಇಲ್ಲದಿದ್ದರೆ ಸ್ಪ್ರಿಂಗ್ ಇನ್ನೂ ಗಡಸು. ಪ್ರತಿ ಗುಂಡಿಗೂ ಚಪ್ಪಟೆಯಾಗುತ್ತಿದ್ದರೆ ಮೆದು.